ಉಳಿದ ತುಣುಕುಗಳು ಯಾರ ಪಾಲು?

ಅರಸೀಕೆರೆಯ ಸುತ್ತಲಿನ ಹಳ್ಳಿಗಳಲ್ಲಿ ತೆಂಗಿನ ಮಟ್ಟೆ, ಕರಟ, ಒಣಗಿದ ಗರಿಗಳ ರಾಶಿಯನ್ನು ನೋಡದವರಿಲ್ಲ. ಕೊಬ್ಬರಿ ಮಾರುಕಟ್ಟೆಗೆ ಹೋಗುತ್ತದೆ, ಇವು ಉಳಿಯುತ್ತವೆ. ಇಂತಹ ಉಳಿಕೆಯಿಂದ ವಾಹನದ ಇಂಧನವನ್ನೂ ಪಡೆಯಬಹುದೆಂದು ವಿಜ್ಞಾನ ತೋರಿಸಿದೆ.

ಕಟ್ಟಿಗೆ, ಕರಟಗಳನ್ನು ಪೂರ್ಣವಾಗಿ ಉರಿಯಲು ಬಿಡದೆ ಮಿತವಾದ ಗಾಳಿಯಲ್ಲಿ ಕಾಯಿಸಿದರೆ, ಇಂಗಾಲದ ಮೊನಾಕ್ಸೈಡ್ ಮತ್ತು ಜಲಜನಕ ಬೆರೆತ ಅನಿಲ ಹೊರಬರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಲ್ಲಿ ತುಮಕೂರು ಜಿಲ್ಲೆಯ ಹೊಸಹಳ್ಳಿಯಲ್ಲಿ ಕಟ್ಟಿಗೆಯ ಅನಿಲವನ್ನು ಡೀಸೆಲ್ ಎಂಜಿನ್ನಿಗೆ ಊಡಿಸಿ ಮನೆಗಳಿಗೆ ಬೆಳಕು ಕೊಟ್ಟರು. ಗಾಳಿಯ ಬದಲು ಆಮ್ಲಜನಕ, ಹಬೆಗಳನ್ನು ಬಳಸಿ ಪಡೆದ ಅನಿಲವನ್ನು ಶುದ್ಧಗೊಳಿಸಿ, ಹೆಚ್ಚಿನ ಒತ್ತಡದಲ್ಲಿ, 200ರಿಂದ 300 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ತಾಮ್ರ, ಸತುವಿನ ಆಕ್ಸೈಡ್‌ಗಳಿರುವ ವೇಗವರ್ಧಕದ ಮೇಲೆ ಹಾಯಿಸಿದರೆ ಅದು ಮೆಥನಾಲ್ ಎಂಬ ಮದ್ಯಸಾರವಾಗುತ್ತದೆ.

ಅಕ್ಕಿ, ಮೆಕ್ಕೆಜೋಳಗಳಿಂದ ಎಥನಾಲ್ ತಯಾರಿಸುವಾಗ ಹಸಿದವನ ಅನ್ನ ನಮ್ಮ ಅಂತಃಕರಣವನ್ನು ಕಾಡುತ್ತದೆ. ಕಸದಿಂದ ಮಾಡಿದ ಇಂಧನದಲ್ಲಿ ಆ ದೋಷವಿಲ್ಲವೆಂದು ಮೇಲುನೋಟಕ್ಕೆ ತೋರುತ್ತದೆ. ಆದರೆ ಅದು ಯಾರಿಗೆ ಕಸ? ಕೂಲಿಯ ತಾಯಿಗೆ ಆ ಕರಟವೇ ಒಲೆಯ ಉರುವಲು, ನೀರು ಕಾಯಿಸುವ ಹಂಡೆಯ ಬೆಂಕಿ. ಕೊಳೆತ ಗರಿ ಮಣ್ಣಿಗೆ ಆಹಾರ. ಕಾರ್ಖಾನೆಯು ಬೆಲೆ ಕಟ್ಟಿದ ದಿನ, ಬಡವರು ಕೇಳದೆ ಆಯ್ದುಕೊಳ್ಳುತ್ತಿದ್ದುದು ಬೇಲಿಯೊಳಗೆ ಸೇರಿಬಿಡುತ್ತದೆ.

ಹೊಲದ ಅಂಚಿನವರೆಗೂ ಕೊಯ್ಯಬಾರದು, ಹಕ್ಕಲನ್ನು ಬಡವರಿಗೂ ಪರದೇಶಿಗಳಿಗೂ ಬಿಡಬೇಕು ಎಂಬುದು ಯಾಜಕಕಾಂಡದ ಕಟ್ಟಳೆ. ವಿಧವೆ ರೂತಳು ಬದುಕಿದ್ದು ಆ ಹಕ್ಕಲಿನಿಂದ. ಪ್ರಭು ಯೇಸುವಾದರೋ ಉಳಿದ ರೊಟ್ಟಿಯ ತುಣುಕುಗಳನ್ನು ವ್ಯರ್ಥವಾಗದಂತೆ ಕೂಡಿಸಿರೆಂದು ಶಿಷ್ಯರಿಗೆ ಹೇಳಿದರು. ಒಂದು ಕಡೆ ಬಿಡಿರಿ ಎಂಬ ಆಜ್ಞೆ. ಇನ್ನೊಂದು ಕಡೆ ಕೂಡಿಸಿರಿ ಎಂಬ ಆಜ್ಞೆ. ಇವೆರಡೂ ಪರಸ್ಪರ ವಿರುದ್ಧವೇ? ಅಲ್ಲ. ಶಿಷ್ಯರು ಹನ್ನೆರಡು ಬುಟ್ಟಿ ತುಂಬಿಸಿದ್ದು ಜನರೆಲ್ಲರೂ ಉಂಡು ತೃಪ್ತರಾದ ಮೇಲೆ ಎಂಬುದನ್ನು ಸಂತ ಯೊವಾನ್ನರು ಮರೆಯದೆ ಬರೆದಿದ್ದಾರೆ.

ಆದ್ದರಿಂದ ಈ ಇಂಧನ ಬೇಡವೆನ್ನುವುದು ವಿವೇಕವಲ್ಲ. ಕಲ್ಲಿದ್ದಲು, ಪೆಟ್ರೋಲಿಯಮ್‌ಗಳ ಹೊಗೆಯಿಂದ ಭೂಮಿ ಬಳಲುತ್ತಿದೆ. ಭೂಮಿಯ ಮೊರೆಯನ್ನೂ ಬಡವರ ಮೊರೆಯನ್ನೂ ಒಟ್ಟಿಗೆ ಕೇಳಬೇಕೆಂದು ಜಗದ್ಗುರು ಫ್ರಾನ್ಸಿಸರು 2015ರ ತಮ್ಮ ವಿಶ್ವಪತ್ರದಲ್ಲಿ ಬೋಧಿಸಿದರು. ತೋಟದ ಉಳಿಕೆಯನ್ನು ಕಾರ್ಖಾನೆಗೆ ಕಳುಹಿಸುವ ಮೊದಲು ಒಲೆಯ ಪಾಲು, ಮಣ್ಣಿನ ಪಾಲು, ಆಯುವವರ ಕೂಲಿ ಸಂದಿವೆಯೇ ಎಂದು ಕೇಳೋಣ. ಅವರೆಲ್ಲರ ಪಾಲು ಸಂದ ಮೇಲೆ ಮಿಕ್ಕಿದ್ದೇ ನಿಜವಾದ ಉಳಿಕೆ.