ಬಯಕೆ ಯಾರದು?

ಮಾನವನು ತಾನು ಮಾಡಿದ ಕಾರ್ಯಕ್ಕೆ ತಾನೇ ಹೊಣೆಗಾರನೆಂಬುದನ್ನು ಎಲ್ಲ ಧರ್ಮಶಾಸ್ತ್ರಗಳೂ ಒಪ್ಪಿರುವುವು. ಆದರೆ ಅವನು ಪಟ್ಟ ಬಯಕೆಗೆ ಯಾರು ಹೊಣೆ ಎಂಬ ಪ್ರಶ್ನೆಯು ಅಷ್ಟು ಸುಲಭವಾದುದಲ್ಲ. ಹಸಿವು ದೇಹದಿಂದ ಹುಟ್ಟುವುದು. ಚಳಿಗೆ ಕಂಬಳಿಯನ್ನು ಬಯಸುವುದು ಮೈಯ ಧರ್ಮ. ಇಂತಹ ಬಯಕೆಗಳಿಗೆ ಒಡೆಯನು ಯಾರೆಂದು ಕೇಳಬೇಕಾದ ಅಗತ್ಯವಿಲ್ಲ. ಇನ್ನೊಂದು ಬಗೆಯ ಬಯಕೆಯುಂಟು. ನಿನ್ನೆ ಅದು ಇರಲಿಲ್ಲ. ಇಂದು ಬೆಳಗ್ಗೆ ಅಂಗೈಯಲ್ಲಿನ ಮೊಬೈಲಿನ ಗಾಜಿನ ಮೇಲೆ ಒಂದು ಚಿತ್ರವು ಸರಿದುಹೋಯಿತು. ಮಧ್ಯಾಹ್ನ ಅದೇ ಚಿತ್ರವು ಮತ್ತೊಂದು ನೆಪದಲ್ಲಿ ಬಂದಿತು. ಸಂಜೆಯ ಹೊತ್ತಿಗೆ ಆ ವಸ್ತುವಿಲ್ಲದ ಮನೆಯು ಬರಿದೆಂದು ತೋರಿತು. ಬಯಕೆಯನ್ನು ಹುಟ್ಟಿಸಿದವನು ಒಬ್ಬ, ಪಟ್ಟವನು ಮತ್ತೊಬ್ಬ. ಇದರ ಹೊಣೆಯನ್ನು ಯಾರ ಮೇಲೆ ಹೊರಿಸಬೇಕು?

ಈ ಪ್ರಶ್ನೆಯನ್ನು ಗಾಳಿಯಲ್ಲಿ ತೂಗಬಿಡದೆ ನೆಲದ ಮೇಲಿಟ್ಟು ನೋಡುವುದು ಲೇಸು. ಹಾಸನ ಜಿಲ್ಲೆಯ ಅರಸೀಕೆರೆಯು ರೈಲು ದಾರಿಗಳು ಕೂಡುವ ಊರು. ಅದಕ್ಕಿಂತ ಮಿಗಿಲಾಗಿ ಕೊಬ್ಬರಿಯ ಊರು. ಇಲ್ಲಿಯ ಉಂಡೆ ಕೊಬ್ಬರಿಯು ಆತುರದ ಸರಕಲ್ಲ. ಬಲಿತ ತೆಂಗಿನಕಾಯಿಯನ್ನು ಅಟ್ಟಕ್ಕೇರಿಸಿ ಹತ್ತು ಹನ್ನೊಂದು ತಿಂಗಳು ಹಾಗೆಯೇ ಬಿಡುವರು. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪನ್ನು ಬಿಟ್ಟು, ಕಾಯಿಯನ್ನು ಅಲುಗಿಸಿದರೆ ಒಳಗೆ ಸದ್ದಾಗುವ ತನಕ ರೈತನು ಕಾಯಬೇಕು. ಮಳೆಗಾಲವೊಂದು ಕಳೆಯುತ್ತದೆ, ಜಾತ್ರೆಯೊಂದು ಕಳೆಯುತ್ತದೆ, ಮಗಳ ಮದುವೆಯ ಮಾತು ಬಂದು ನಿಲ್ಲುತ್ತದೆ. ಅಟ್ಟದ ಮೇಲಿನ ಕಾಯಿ ಮಾತ್ರ ತನ್ನ ಗತಿಯಲ್ಲೇ ಒಣಗುತ್ತಿರುತ್ತದೆ. ಅನಂತರ ಸುಲಿದು, ಚಿಪ್ಪು ಒಡೆದು, ಚೀಲಕ್ಕೆ ತುಂಬಿ ಮಾರುಕಟ್ಟೆಯ ಪ್ರಾಂಗಣಕ್ಕೆ ತರುವರು.

ಆ ಪ್ರಾಂಗಣದಲ್ಲಿ ಒಂದು ಕಾಲಕ್ಕೆ ದರವೆಂಬುದು ವರ್ತಕನ ಬಾಯಲ್ಲಿತ್ತು. 2014ರಿಂದ ಕರ್ನಾಟಕದ ಕೃಷಿ ಮಾರುಕಟ್ಟೆಗಳಲ್ಲಿ ಏಕೀಕೃತ ವೇದಿಕೆಯೊಂದು ಬಂದು, ರಾಶಿಗೊಂದು ಲಾಟು ಸಂಖ್ಯೆ ಕೊಟ್ಟು, ವರ್ತಕರು ಕಂಪ್ಯೂಟರಿನ ಮೂಲಕ ದರ ನಮೂದಿಸುವ ಕ್ರಮವು ನಡೆಯತೊಡಗಿತು. ಯಾರು ಎಷ್ಟಕ್ಕೆ ಕೂಗಿದರೆಂಬುದು ಮರೆಯಲ್ಲಿ ಉಳಿಯುವುದಿಲ್ಲ. ದರವು ಒಪ್ಪಿಗೆಯಾಗದಿದ್ದರೆ ರೈತನು ಬೇಡವೆನ್ನಬಹುದು. ಕೇಂದ್ರ ಸರ್ಕಾರವು 2025ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ 12,100 ರೂಪಾಯಿಗಳ ಬೆಂಬಲ ಬೆಲೆಯನ್ನು ನಿಗದಿ ಮಾಡಿದಾಗ ಆ ಸುದ್ದಿಯು ಹಳ್ಳಿಯ ಜಗಲಿಗೆ ಅಂದೇ ತಲುಪಿತು. ಇದನ್ನು ತಂದುಕೊಟ್ಟುದೂ ಅದೇ ಅಂಗೈಯ ಯಂತ್ರವೇ. ಯಂತ್ರವನ್ನು ಹಳಿಯುವುದರಿಂದ ಪ್ರಯೋಜನವಿಲ್ಲವೆಂಬುದಕ್ಕೆ ಇಷ್ಟು ಸಾಕು.

ಆದರೆ ಅದೇ ಯಂತ್ರದೊಳಗೆ ಮತ್ತೊಂದು ಹರಾಜು ನಡೆಯುತ್ತಿದೆ. ವಾಚಕರಲ್ಲಿ ಅನೇಕರು ಇದನ್ನು ಅರಿತಿರಲಾರರು. ಒಬ್ಬನು ತನ್ನ ಮೊಬೈಲಿನಲ್ಲಿ ಸುದ್ದಿಯನ್ನೋ ಹಾಡನ್ನೋ ತೆರೆದೊಡನೆ, ಆ ಪುಟವು ಕಣ್ಣಿಗೆ ಬೀಳುವಷ್ಟರೊಳಗೆ, ಅಂದರೆ ಒಂದು ಸೆಕೆಂಡಿನ ಅಂಶಮಾತ್ರದಲ್ಲಿ, ಅವನಿಗೆ ಯಾವ ಜಾಹೀರಾತನ್ನು ತೋರಿಸಬೇಕೆಂಬುದಕ್ಕೆ ವ್ಯಾಪಾರಿಗಳ ಪರವಾಗಿ ಯಂತ್ರಗಳು ಬೆಲೆ ಕೂಗುವುವು. ಅವನು ಯಾವ ಊರಿನವನು, ಹಿಂದೆ ಏನನ್ನು ಹುಡುಕಿದನು, ಯಾವ ಚಿತ್ರದ ಮೇಲೆ ಅವನ ಬೆರಳು ಕ್ಷಣಕಾಲ ತಡೆಯಿತು ಎಂಬೆಲ್ಲ ಲೆಕ್ಕವು ಅಲ್ಲಿ ಸಿದ್ಧವಾಗಿರುವುದು. ಹೆಚ್ಚು ಕೂಗಿದವನ ಚಿತ್ರವು ಗಾಜಿನ ಮೇಲೆ ಮೂಡುವುದು. ಅರಸೀಕೆರೆಯ ಪ್ರಾಂಗಣದಲ್ಲಿ ರೈತನು ತನ್ನ ರಾಶಿಯ ಪಕ್ಕದಲ್ಲಿ ನಿಂತಿರುವನು. ಮಾರಾಟವಾಗುತ್ತಿರುವುದು ಏನೆಂದು ಬಲ್ಲನು. ಬೆಲೆಯು ಅವನ ಕೈಗೇ ಬರುವುದು. ಈ ಎರಡನೆಯ ಹರಾಜಿನಲ್ಲಿ ಮಾರಾಟವಾಗುತ್ತಿರುವುದು ಅವನ ನೋಟ. ಅವನಿಗೆ ಲಾಟಿನ ಸಂಖ್ಯೆ ತಿಳಿಯದು, ದರ ತಿಳಿಯದು, ಬೇಡವೆನ್ನುವ ಅವಕಾಶವಿಲ್ಲ. ಹಣವು ಬೇರೆಯವರ ಪೆಟ್ಟಿಗೆಗೆ ಹೋಗುವುದು. ಹಾಡು ಪುಕ್ಕಟೆಯಾಗಿ ದೊರೆಯಿತೆಂದು ಅವನು ಸಂತೋಷಪಡುವನು. ಮಾಹಿತಿಯು ಹೆಚ್ಚಿದಂತೆಲ್ಲ ಮನುಷ್ಯನ ಗಮನವು ದುರ್ಲಭವಾಗುವುದೆಂದು ಅರ್ಥಶಾಸ್ತ್ರಜ್ಞ ಹರ್ಬರ್ಟ್ ಸೈಮನ್ನರು 1971ರಲ್ಲಿಯೇ ಸೂಚಿಸಿದ್ದರು. ದುರ್ಲಭವಾದುದಕ್ಕೆ ಮಾರುಕಟ್ಟೆ ಹುಟ್ಟುವುದು ಲೋಕದ ರೂಢಿ.

ಲೆಕ್ಕವೆಂಬುದು ಶರಣರಿಗೆ ಅಪರಿಚಿತವಾದುದಲ್ಲ. ಬಸವಣ್ಣನವರು ಬಿಜ್ಜಳನ ಭಂಡಾರದ ಲೆಕ್ಕವನ್ನು ನೋಡಿದವರು. ಅವರ ಚರಿತೆಯನ್ನು ರಗಳೆಯಾಗಿ ಬರೆದ ಹರಿಹರನು ಹೊಯ್ಸಳರ ರಾಜಧಾನಿಯಾದ ದೋರಸಮುದ್ರದಲ್ಲಿ, ಎಂದರೆ ಇಂದಿನ ಹಳೇಬೀಡಿನಲ್ಲಿ, ಕರಣಿಕನಾಗಿದ್ದು ಆ ವೃತ್ತಿಯನ್ನು ತೊರೆದು ಹಂಪೆಗೆ ನಡೆದನೆಂಬುದು ಪರಂಪರೆಯ ಮಾತು. ಆ ಲೆಕ್ಕಗಳೆಲ್ಲ ಹೊನ್ನಿನವು, ಭತ್ತದವು. ಮನುಷ್ಯನ ಕಣ್ಣು ಎಲ್ಲಿ ಎಷ್ಟು ಹೊತ್ತು ನಿಂತಿತೆಂಬುದನ್ನು ಬರೆದಿಟ್ಟುಕೊಂಡ ಕಡತವು ಯಾವ ಅರಸನ ಬಳಿಯೂ ಇರಲಿಲ್ಲ.

ಇದರ ಫಲವು ಕೇವಲ ಕೊಳ್ಳುವ ಬೇಡುವ ವ್ಯವಹಾರಕ್ಕೆ ಸೀಮಿತವಲ್ಲ; ನೋಡುವ ಕ್ರಮವನ್ನೇ ಅದು ತಿದ್ದಿರುವುದು. ವಿಷ್ಣುವರ್ಧನನ ಕಾಲದಲ್ಲಿ 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದ ಕಂಬದ ಮೇಲ್ತುದಿಯಲ್ಲಿ ಕನ್ನಡಿಯನ್ನು ಹಿಡಿದು ನಿಂತ ದರ್ಪಣಸುಂದರಿಯನ್ನು ಅರಿಯದವರಾರು? ಅವಳು ಒಂಬೈನೂರು ವರ್ಷಗಳಿಂದ ತನ್ನ ಮುಖವನ್ನು ತಾನೇ ನೋಡಿಕೊಳ್ಳುತ್ತಿರುವಳು. ಆದರೂ ಶಿಲ್ಪಿಯು ಅವಳನ್ನು ಕೆತ್ತಿದುದು ಪರರು ತಲೆಯೆತ್ತಿ ನೋಡಲೆಂದು. ಇಂದು ಅವಳ ಕೆಳಗೆ ನಿಲ್ಲುವ ಯಾತ್ರಿಕರು ಅನೇಕರು ಅವಳಿಗೆ ಬೆನ್ನು ಮಾಡಿ, ತಮ್ಮ ಕೈಯ ಕನ್ನಡಿಯನ್ನು ಮೇಲೆತ್ತಿ, ಅದರಲ್ಲಿ ತಮ್ಮ ಮುಖವನ್ನು ನೋಡಿಕೊಂಡು ಮುಂದಕ್ಕೆ ಸಾಗುವರು. ಹಳೇಬೀಡಿನಲ್ಲಿ ಹೊಯ್ಸಳೇಶ್ವರನ ಎದುರಿನ ನಂದಿಗೂ ಶಾಂತಲೇಶ್ವರನ ಎದುರಿನ ನಂದಿಗೂ ಇದೇ ಗತಿ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇಗುಲಗಳು ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಯನ್ನು ಸೇರಿದುವು. ಆ ಕೀರ್ತಿಯು ಸಲ್ಲತಕ್ಕುದೇ. ಆದರೆ ಚಿತ್ರ ತೆಗೆಯಲು ಬಂದವನಿಗೆ ಯಾವ ಕೋನದಿಂದ ತೆಗೆಯಬೇಕೆಂಬುದೂ ಮೊದಲೇ ನಿಶ್ಚಿತವಾಗಿರುವುದು. ಹಿಂದೆ ಬಂದವರ ಚಿತ್ರಗಳಲ್ಲಿ ಯಾವುದು ಹೆಚ್ಚು ಮೆಚ್ಚುಗೆ ಪಡೆಯಿತೋ ಅದೇ ಸ್ಥಳದಲ್ಲಿ ಸಾಲು ನಿಲ್ಲುವುದು. ಹತ್ತು ಹೆಜ್ಜೆ ಆಚೆಗಿನ ಭಿತ್ತಿಯಲ್ಲಿ ಸಾಲುಸಾಲಾಗಿ ಕೆತ್ತಿದ ಆನೆಗಳನ್ನು ಕೇಳುವವರಿಲ್ಲ. ಇನ್ನೊಂದು ಮಾತು. ಬೇಲೂರಿನ ಶಿಲ್ಪಗಳ ಕೆಳಗೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರ ಹೆಸರುಗಳು ಕಾಣಸಿಗುವುವು. ಕಣ್ಣನ್ನು ಸೆಳೆದವನು ತನ್ನ ಹೆಸರು ಹೇಳಿಕೊಂಡು ಸೆಳೆದನು. ಅಂಗೈಯ ಗಾಜಿನ ಮೇಲೆ ಕಣ್ಣನ್ನು ಸೆಳೆಯುವವನಿಗೆ ಹೆಸರಿಲ್ಲ.

ಕೊಳ್ಳುವಿಕೆಯ ವಿಷಯದಲ್ಲಿ ಸರ್ಕಾರವು ಕೆಲಮಟ್ಟಿಗೆ ಎಚ್ಚೆತ್ತಿರುವುದು ಸಮಾಧಾನದ ಸಂಗತಿ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು 2023ರ ನವೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿಯು ಹದಿಮೂರು ಬಗೆಯ ಕಪಟಗಳನ್ನು ಹೆಸರಿಸಿದೆ. ಇನ್ನೆರಡೇ ಉಳಿದಿವೆಯೆಂದು ಸುಳ್ಳು ಅವಸರವನ್ನು ಹುಟ್ಟಿಸುವುದು, ಕೇಳದ ವಸ್ತುವನ್ನು ಬುಟ್ಟಿಯೊಳಗೆ ಮೆಲ್ಲನೆ ಸೇರಿಸುವುದು, ಬೇಡವೆಂದವನಿಗೆ ನಾಚಿಕೆಯಾಗುವಂತೆ ಮಾತನ್ನು ಹೆಣೆಯುವುದು ಇವೆಲ್ಲ ಅದರಲ್ಲಿ ಸೇರಿವೆ. ಸಂತೆಯಲ್ಲಿ ತಕ್ಕಡಿಯ ತಳಕ್ಕೆ ಹುಣಸೆಹಣ್ಣು ಮೆತ್ತುವವನಿಗೂ ಇವರಿಗೂ ಭೇದವಿಲ್ಲ. ಆದರೆ ಕಪಟವೆಲ್ಲ ತೊಲಗಿದರೂ ಮೊದಲಿನ ಪ್ರಶ್ನೆ ಹಾಗೆಯೇ ನಿಲ್ಲುವುದು. ಸುಳ್ಳು ಹೇಳದೆಯೇ ಬಯಕೆಯನ್ನು ಬಿತ್ತಲು ಸಾಧ್ಯ.

ಇಲ್ಲಿ ಎರಡು ಪಕ್ಷಗಳುಂಟು. ಕೊಳ್ಳುವವನು ಸ್ವತಂತ್ರನು, ಅವನ ಕೈಯನ್ನು ಯಾರೂ ಹಿಡಿದೆಳೆಯಲಿಲ್ಲ, ಆದುದರಿಂದ ತಪ್ಪೆಲ್ಲ ಅವನದೇ ಎಂಬುದು ಒಂದು. ಇದು ವ್ಯಾಪಾರಿಗೆ ಬಹಳ ಅನುಕೂಲವಾದ ವೇದಾಂತ. ಬೃಹತ್ತಾದ ಯಂತ್ರಜಾಲದ ಎದುರು ಬಡ ಮನುಷ್ಯನು ಏನು ತಾನೆ ಮಾಡಬಲ್ಲನು, ಅವನು ಬಲಿಪಶುವೆಂಬುದು ಇನ್ನೊಂದು. ಇದು ಕೊಳ್ಳುವವನಿಗೆ ಅನುಕೂಲವಾದುದು. ಹೊನ್ನು ಮಣ್ಣುಗಳನ್ನು ಮಾಯೆಯೆಂದು ದೂರುವವರಿಗೆ ಅಲ್ಲಮಪ್ರಭುಗಳು ಕೊಟ್ಟ ಉತ್ತರವನ್ನು ನೆನೆದರೆ ಎರಡನೆಯ ಪಕ್ಷವು ನಿಲ್ಲಲಾರದು; ವಸ್ತುವಿನ ಮೇಲೆ ದೋಷವನ್ನು ಹೊರಿಸಿ ಮನಸ್ಸು ಪಾರಾಗುವುದನ್ನು ಅವರು ಒಪ್ಪಲಿಲ್ಲ. ಹಾಗಾದರೆ ಮೊದಲನೆಯ ಪಕ್ಷವು ಗೆದ್ದಿತೇ? ಅದೂ ಇಲ್ಲ.

ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ವೃತ್ತಾಂತವನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ನೋಡಬೇಕು. ಕಲ್ಯಾಣದಲ್ಲಿ ಅಂಗಳಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಜನರಲ್ಲಿ ನಡೆದುಬಂದಿರುವ ಕಥನದಂತೆ ಆ ದಿನ ಅಂಗಳದಲ್ಲಿ ಅಕ್ಕಿಯನ್ನು ಬೇಕೆಂದೇ ಹೆಚ್ಚಾಗಿ ಚೆಲ್ಲಲಾಗಿತ್ತು. ಈ ಒಂದು ವಿವರವು ಸಾಮಾನ್ಯವಾಗಿ ಕಣ್ತಪ್ಪಿಹೋಗುವುದು. ಮಾರಯ್ಯನು ಕದ್ದವನಲ್ಲ, ಬೇಡಿದವನಲ್ಲ. ಅಕ್ಕಿ ಅಲ್ಲಿ ಬಿದ್ದಿತ್ತು, ಆಯ್ದನು. ಅವನ ಬಯಕೆಯನ್ನು ಹಿಗ್ಗಿಸಿದುದು ಬೇರೊಬ್ಬರ ಕೈ. ಆದರೂ ಲಕ್ಕಮ್ಮನು ಚೆಲ್ಲಿದವರನ್ನು ವಿಚಾರಿಸಲು ಹೊರಡಲಿಲ್ಲ. ಗಂಡನನ್ನು ಪಾಪಿಯೆಂದು ಜರೆಯಲೂ ಇಲ್ಲ. ಇದು ಮನೆಯ ಅಗತ್ಯಕ್ಕಿಂತ ಮಿಗಿಲು, ಹಿಂದಕ್ಕೆ ಸುರಿದು ಬಾ ಎಂದಳು. ಬಯಕೆಯು ಎಲ್ಲಿಂದ ಹುಟ್ಟಿತೆಂಬ ಮೂಲವಿಚಾರಣೆಯನ್ನು ಬಿಟ್ಟು, ಈಗ ಸೆರಗಿನಲ್ಲಿರುವುದನ್ನು ಏನು ಮಾಡಬೇಕೆಂಬಲ್ಲಿ ಅವಳು ಹೊಣೆಯನ್ನು ಇರಿಸಿದಳು.

ಇದಕ್ಕಿಂತ ಸೂಕ್ಷ್ಮವಾದುದು ಇನ್ನೊಂದು. ಹೆಚ್ಚೆಂಬುದು ಮಾರಯ್ಯನಿಗೆ ಕಾಣಲಿಲ್ಲ, ಲಕ್ಕಮ್ಮನಿಗೆ ಕಂಡಿತು. ಕಾರಣವೇನು? ಅವಳು ಅಂಗಳದಲ್ಲಿರಲಿಲ್ಲ. ಚೆಲ್ಲಿದ ರಾಶಿಯನ್ನು ನೋಡದೆ ಮನೆಯ ಮಡಕೆಯ ಅಳತೆಯಿಂದ ಅಕ್ಕಿಯನ್ನು ನೋಡಿದಳು. ಇಂತಹ ಎರಡನೆಯ ಕಣ್ಣು ಹಿಂದೆ ಪ್ರತಿಯೊಂದು ಕೊಳ್ಳುವಿಕೆಯಲ್ಲೂ ಸಹಜವಾಗಿಯೇ ಇರುತ್ತಿತ್ತು. ಬಟ್ಟೆ ಬೇಕಾದರೆ ಅರಸೀಕೆರೆಯ ಅಂಗಡಿಗೆ ಗಂಡಹೆಂಡಿರು, ಒಮ್ಮೊಮ್ಮೆ ಅತ್ತೆಯೂ ಕೂಡಿ ಹೋಗುವರು. ಬಸ್ಸಿನ ಹೊತ್ತನ್ನು ನೋಡಬೇಕು; ಕೊಬ್ಬರಿಯ ಹಣ ಬಂದಿತೇ ಎಂದು ಕೇಳಬೇಕು; ಅಂಗಡಿಯವನು ಪರಿಚಿತನಾದುದರಿಂದ ಕಳೆದ ವರ್ಷದ ಬಾಕಿಯನ್ನು ನೆನಪಿಸುವನು. ಇವೆಲ್ಲ ತೊಡಕುಗಳೆಂದು ತೋರಬಹುದು. ಆ ತೊಡಕುಗಳೇ ಲಕ್ಕಮ್ಮನ ಕೆಲಸವನ್ನು ಮಾಡುತ್ತಿದ್ದುವು. ಈಗ ಮನೆಮಂದಿಯೆಲ್ಲ ಒಂದೇ ಪಡಸಾಲೆಯಲ್ಲಿ ಕುಳಿತಿದ್ದರೂ ಒಬ್ಬೊಬ್ಬರ ಅಂಗಳವೂ ಅವರವರ ಅಂಗೈಯಲ್ಲಿದೆ. 2016ರಲ್ಲಿ ಯುಪಿಐ ಎಂಬ ಪಾವತಿಯ ಕ್ರಮವು ಬಂದ ಮೇಲೆ ಹಣವನ್ನು ಎಣಿಸಿ ಕೊಡುವ ಕ್ಷಣವೂ ಇಲ್ಲವಾಯಿತು. ರಾತ್ರಿ ಹನ್ನೊಂದಕ್ಕೆ ಹಾಸಿಗೆಯಲ್ಲಿ ಕೊಂಡುದು ಬೆಳಗಾದರೆ ಪಕ್ಕದಲ್ಲಿದ್ದವರಿಗೇ ತಿಳಿಯದು. ಸರಕು ಬಾಗಿಲಿಗೆ ಬಂದ ದಿನ ಲಕ್ಕಮ್ಮನು ಕೇಳಿದರೆ ಅದು ಜಗಳವಾಗುವುದೇ ಹೊರತು ವಿವೇಕವಾಗುವುದಿಲ್ಲ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಲು 2025ರಲ್ಲಿ ಸಂಸತ್ತು ಕಾಯಿದೆ ಮಾಡಬೇಕಾಗಿ ಬಂದುದಕ್ಕೂ ಇಂತಹ ಏಕಾಂತವೇ ಒಂದು ಕಾರಣವೆಂದರೆ ತಪ್ಪಾಗದು.

ಹಾಗೆಂದು ಒಬ್ಬರ ಮೊಬೈಲನ್ನು ಇನ್ನೊಬ್ಬರು ತಪಾಸಣೆ ಮಾಡುವುದು ಲಕ್ಕಮ್ಮನ ದಾರಿಯಲ್ಲ. ಹೆಂಡತಿಯ ಮೊಬೈಲನ್ನು ಗಂಡನು ಕಸಿದಿಟ್ಟುಕೊಳ್ಳುವ ಮನೆಗಳೂ ಉಂಟು. ಅಲ್ಲಿರುವುದು ದರ್ಪವೇ ಹೊರತು ವಿವೇಕವಲ್ಲ. ಲಕ್ಕಮ್ಮನಿಗೆ ಮಾತನಾಡುವ ಅಧಿಕಾರವು ಬಂದುದು ಅವಳೂ ಅದೇ ದಾಸೋಹಕ್ಕೆ ಸಮಭಾಗಿಯಾಗಿದ್ದುದರಿಂದ.

ದಾಸೋಹದ ಮಾತು ಬಂದುದರಿಂದ ಮಠಗಳ ಅಂಗಳವನ್ನು ಬಿಟ್ಟು ಉಳಿದವರ ಅಂಗಳವನ್ನಷ್ಟೇ ಶೋಧಿಸುವುದು ನ್ಯಾಯವಲ್ಲ. ಅನ್ನ ಬಡಿಸುವ ಕೈಯನ್ನು ಚಿತ್ರ ತೆಗೆದು ಹರಿಯಬಿಡುವುದು ಈಗ ಜಾತ್ರೆ ಉತ್ಸವಗಳಲ್ಲಿ ಸಾಮಾನ್ಯವಾಗಿದೆ. ಅದನ್ನು ನೋಡಿ ಹತ್ತು ಜನ ಭಕ್ತರು ಪ್ರೇರಿತರಾಗುವರೆಂಬ ಸಮರ್ಥನೆಯಲ್ಲಿ ಸತ್ಯಾಂಶವಿರಬಹುದು. ಆದರೆ ಬಡಿಸುವವನು ಎಲೆಯ ಕಡೆಗೆ ನೋಡದೆ ಕ್ಯಾಮರಾದ ಕಡೆಗೆ ನೋಡಿದ ಕ್ಷಣದಲ್ಲಿ ಆ ಅನ್ನವು ಯಾರಿಗೆ ಬಡಿಸಲ್ಪಟ್ಟಿತು? ನೀಡಿದೆನೆಂಬ ಭಾವವು ಅಳಿದಾಗಲೇ ದಾಸೋಹವೆಂದು ಶರಣರು ಭೇದ ಮಾಡಿದ್ದರು. ಎಷ್ಟು ಮಂದಿ ಮೆಚ್ಚಿದರೆಂಬ ಸಂಖ್ಯೆಯು ಕೆಳಗೇ ಏರುತ್ತಿರುವಾಗ ಆ ಭಾವವು ಅಳಿಯುವ ಬಗೆ ಹೇಗೆ? ಇದಕ್ಕೆ ಉತ್ತರ ಕೊಡಬೇಕಾದವರು ಆ ಚಿತ್ರಗಳನ್ನು ಪ್ರಕಟಿಸುವವರು.

2023ರ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆಯು, ತನ್ನ ವಿವರಗಳನ್ನು ಬಳಸಲು ಕೊಟ್ಟ ಒಪ್ಪಿಗೆಯನ್ನು, ಕೊಟ್ಟಷ್ಟೇ ಸುಲಭವಾಗಿ ಹಿಂದಕ್ಕೆ ಪಡೆಯುವ ಹಕ್ಕನ್ನು ಪ್ರತಿಯೊಬ್ಬನಿಗೂ ವಿಧಿಸಿದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ ಹಂತಹಂತವಾಗಿ ಜಾರಿಗೆ ಬರತಕ್ಕವು. ಕೊಬ್ಬರಿಯ ಪ್ರಾಂಗಣದಲ್ಲಿ ದರವು ಒಪ್ಪಿಗೆಯಾಗದ ರೈತನು ಚೀಲದ ಬಾಯಿ ಕಟ್ಟಿಡುವನಲ್ಲ, ಅಂತಹುದೊಂದು ಹಕ್ಕು ಕಾಗದದ ಮೇಲೆ ನೋಟಕ್ಕೂ ಬಂದಿತೆನ್ನಬಹುದು. ರೈತನಿಗೆ ಅದು ಸಾಧ್ಯವಾಗುವುದು ರಾಶಿ ತನ್ನದೆಂದು ಅವನು ಬಲ್ಲನಾದುದರಿಂದ, ಹನ್ನೊಂದು ತಿಂಗಳು ಅಟ್ಟದ ಮೇಲೆ ಅದನ್ನು ಕಾದಿದ್ದನಾದುದರಿಂದ. ತನ್ನ ನೋಟವೂ ತನ್ನದೊಂದು ರಾಶಿಯೆಂದು ತಿಳಿದವರು ಆ ಹಕ್ಕನ್ನು ಕೇಳುವರು. ಉಳಿದವರ ಮೊಬೈಲಿನಲ್ಲಿ ಅದು ಯಾರೂ ಓದದ ಸಣ್ಣ ಅಕ್ಷರಗಳ ನಡುವೆ ಇರುವುದು.