ಅಭಿಪ್ರಾಯದ ಹೊಣೆ

ಮೇಚೇರಿಯ ಸಂತೆಯಲ್ಲಿ ಕುರಿ ಕೊಳ್ಳಬಂದವನು ಮೊದಲು ಮಾತನಾಡುವುದಿಲ್ಲ. ಕುರಿಯ ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ಬೆನ್ನುಮೂಳೆಯ ಮೇಲೆ ಹೆಬ್ಬೆರಳನ್ನೊತ್ತಿ ಮೈಯಲ್ಲಿ ಮಾಂಸವೆಷ್ಟಿದೆಯೆಂದು ತಿಳಿಯುತ್ತಾನೆ. ತೊಗಲನ್ನು ಹಿಡಿದೆತ್ತಿ ಬಿಡುತ್ತಾನೆ. ಈ ಊರಿನ ಹೆಸರನ್ನೇ ಹೊತ್ತ ಮೇಚೇರಿ ತಳಿಗೆ ಉಣ್ಣೆಯೂ ಇಲ್ಲ, ಕೊಂಬೂ ಇಲ್ಲ. ತಿಳಿಗಂದು ಬಣ್ಣದ ಈ ಪ್ರಾಣಿ ಮಾಂಸಕ್ಕೆ ಹೆಸರಾದುದು, ತೊಗಲಿಗೆ ಇನ್ನೂ ಹೆಚ್ಚು ಹೆಸರಾದುದು. ಇದರ ಸಲುವಾಗಿಯೇ ನೆರೆಯ ಪೊಟ್ಟನೇರಿಯಲ್ಲಿ ಒಂದು ಸಂಶೋಧನಾ ಕೇಂದ್ರವಿದೆ. ಆದರೆ ಕೊಳ್ಳುವವನಿಗೆ ತಳಿಯ ಹೆಸರು ಸಾಲದು. ಎದುರಿಗಿರುವ ಈ ಒಂದು ಕುರಿ ಎಂಥದೆಂಬುದು ತಿಳಿಯಬೇಕು. 'ಇದು ಆಗದು' ಎಂದು ಅವನು ಹೇಳಿದರೆ, ಏಕೆಂದು ಕೇಳಿದವರಿಗೆ ಅವನ ಬಳಿ ಉತ್ತರವುಂಟು. ಅವನ ಮಾತು ತಪ್ಪಾದರೆ ನಷ್ಟವೂ ಅವನದೇ.

ಅದೇ ಮನುಷ್ಯನು ಅರ್ಧ ಗಂಟೆಯ ತರುವಾಯ ಚಹದ ಅಂಗಡಿಯ ಬೆಂಚಿನ ಮೇಲೆ ಕುಳಿತು, 'ಆ ಕಂಪನಿಯ ಫೋನನ್ನು ಮುಟ್ಟಬೇಡಿ, ಈ ಕಂಪನಿಯ ನೆಟ್ಟು ಬಲು ಚೆನ್ನ, ಕಂಪ್ಯೂಟರಿನಿಂದ ಮಕ್ಕಳು ಕೆಟ್ಟರು' ಎಂದು ಸಾರುವುದನ್ನು ನಾವು ಕೇಳಿದ್ದೇವೆ. ಏಕೆಂದು ಯಾರೂ ಕೇಳುವುದಿಲ್ಲ. ಕೇಳಿದರೂ, 'ನಮ್ಮ ಭಾವಮೈದುನ ಹೇಳಿದ' ಎಂಬುದಕ್ಕಿಂತ ಮುಂದೆ ಹೋಗುವುದಿಲ್ಲ. ಅವನನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಉಪಾಧ್ಯಾಯರ ಕೊಠಡಿಯಲ್ಲಿ ನಾವು ಆಡುವ ಮಾತುಗಳೂ ಇದಕ್ಕಿಂತ ಮೇಲಾದುವೇನಲ್ಲ. ಕುರಿಯ ವಿಷಯದಲ್ಲಿ ಅಷ್ಟು ಎಚ್ಚರವುಳ್ಳ ಬುದ್ಧಿಯು ಯಂತ್ರದ ವಿಷಯ ಬಂದೊಡನೆ ಏಕೆ ಇಷ್ಟು ಸಡಿಲವಾಗುತ್ತದೆ? ಅಭಿಪ್ರಾಯವನ್ನು ಹೇಳುವುದೂ ಒಂದು ಕೆಲಸವಲ್ಲವೆ? ಕೆಲಸವಾದರೆ ಅದಕ್ಕೆ ಹೊಣೆ ಬೇಡವೆ?

ನಮ್ಮ ನೈಯಾಯಿಕರು ಜ್ಞಾನಕ್ಕೆ ನಾಲ್ಕು ಪ್ರಮಾಣಗಳನ್ನು ಹೇಳಿದರು: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ. ಕುರಿಯ ವ್ಯಾಪಾರಿಯದು ಪ್ರತ್ಯಕ್ಷ. ಫೋನಿನ ವಿಷಯದಲ್ಲಿ ನಾವು ನೆಚ್ಚುವುದು ಬಹುಮಟ್ಟಿಗೆ ಶಬ್ದವನ್ನು, ಎಂದರೆ ಇನ್ನೊಬ್ಬರ ಮಾತನ್ನು. ಅದರಲ್ಲಿ ದೋಷವಿಲ್ಲ, ಇನ್ನೊಬ್ಬರ ಮಾತನ್ನು ನಂಬದೆ ಒಂದು ದಿನವೂ ಬಾಳಲಾಗದು. ಆದರೆ ಆ ಹಿರಿಯರು ಯಾರ ಮಾತನ್ನಾದರೂ ಪ್ರಮಾಣವೆನ್ನಲಿಲ್ಲ. ಹೇಳುವವನು ಆಪ್ತನಾಗಿರಬೇಕು, ಎಂದರೆ ವಿಷಯವನ್ನು ತಾನು ತಿಳಿದವನೂ, ತಿಳಿದುದನ್ನು ಇದ್ದಂತೆ ಹೇಳುವ ಇಚ್ಛೆಯುಳ್ಳವನೂ ಆಗಿರಬೇಕು ಎಂದರು. ಪರದೆಯ ಮೇಲೆ ಮುಖ ಕಾಣದವರು ಕೊಟ್ಟ ಐದು ನಕ್ಷತ್ರಗಳನ್ನು ನೋಡಿ ನಾವು ಸಾಮಾನು ಕೊಳ್ಳುವಾಗ ಈ ಎರಡು ಲಕ್ಷಣಗಳಲ್ಲಿ ಯಾವುದನ್ನು ಪರೀಕ್ಷಿಸಿದ್ದೇವೆ?

ಅನುಮಾನದ ಕಥೆಯೂ ಹೀಗೆಯೇ. ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆಯೆಂದು ತಿಳಿಯುವುದು ತರ್ಕಶಾಸ್ತ್ರದ ಮೊದಲ ಪಾಠ. ಆದರೆ ನಮ್ಮ ಭಾಗದಲ್ಲಿ ಕಾವೇರಿಯ ದಡದಲ್ಲಿ ಒಂದು ಊರಿದೆ. ಅಲ್ಲಿ ಹೊಗೆಯೇಳುತ್ತದೆ, ಬೆಂಕಿಯಿಲ್ಲ. ಬಂಡೆಗಳ ಮೇಲೆ ಬಿದ್ದ ನೀರು ತುಂತುರಾಗಿ ಮೇಲೆದ್ದುದನ್ನು ಕಂಡೇ ಜನರು ಅದನ್ನು ಹೊಗೇನಕಲ್ಲು ಎಂದು ಕರೆದರು. ಹತ್ತಿರ ಹೋದವನಿಗೆ ಮೈ ತೋಯುತ್ತದೆ. ದೂರ ನಿಂತವನು ಬೆಂಕಿಯೆಂದೇ ವಾದಿಸಬಹುದು.

ನಾವು ಹಾಗೆ ದೂರ ನಿಂತು ವಾದಿಸಿದವರೇ. ಮನೆಗೆ ಅಂತರ್ಜಾಲದ ತಂತಿಯನ್ನು ಹಾಕಿಸಿದ ಹೊಸದರಲ್ಲಿ ಹಗಲೆಲ್ಲ ಅದು ಆಮೆಯಂತೆ ತೆವಳುತ್ತಿತ್ತು. ಕಂಪನಿಯು ಮೋಸದ್ದೆಂದು ತೀರ್ಮಾನಿಸಿದೆವು. ತೀರ್ಮಾನಿಸಿ ಸುಮ್ಮನಿರದೆ ಬೀದಿಯ ನಾಲ್ಕು ಮನೆಗಳಿಗೆ ಹೇಳಿದೆವು. ಎರಡು ಮನೆಯವರು ನಮ್ಮ ಮಾತನ್ನು ನಂಬಿ ಬೇರೆ ಕಡೆಗೆ ಹೋದರು. ಉಪಾಧ್ಯಾಯರ ಮಾತೆಂದರೆ ಹಳ್ಳಿಯಲ್ಲಿ ಇನ್ನೂ ಅಷ್ಟು ಬೆಲೆಯಿದೆ. ದೂರು ಕೊಟ್ಟ ಮೇಲೆ ಒಬ್ಬ ಹುಡುಗ ಬಂದ, ಇಪ್ಪತ್ತು ವರ್ಷವಿರಬಹುದು. ಬಿಸಿಲಿನಲ್ಲಿ ಕಂಬ ಹತ್ತಿದ, ಇಳಿದ, ತಂತಿಯನ್ನು ಪರೀಕ್ಷಿಸಿದ, 'ಲೈನು ಸರಿಯಾಗಿದೆ ಸಾರ್' ಎಂದ. ನಮಗೆ ರೇಗಿತು. ಅವನು ಹೋದ ಮೇಲೆ ಅವನ ಕೆಲಸಕ್ಕೆ ಎಷ್ಟು ನಕ್ಷತ್ರ ಕೊಡುವಿರೆಂದು ಫೋನಿಗೆ ಸಂದೇಶ ಬಂತು. ಒಂದನ್ನು ಒತ್ತಿದೆವು. ಒತ್ತಿದಾಗ ಒಂದು ಬಗೆಯ ಸಮಾಧಾನವೂ ಆಯಿತೆಂಬುದನ್ನು ಇಲ್ಲಿ ಮರೆಮಾಚುವುದಿಲ್ಲ.

ತಿಂಗಳು ಕಳೆದು, ಮನೆಗೆ ಸುಣ್ಣ ಬಳಿಸುವಾಗ ಸಾಮಾನುಗಳನ್ನು ಸರಿಸಬೇಕಾಯಿತು. ಅಂದು ನೆಟ್ಟು ಕುದುರೆಯಂತೆ ಓಡಿತು! ಕಾರಣವನ್ನು ಹುಡುಕಿದರೆ, ಆ ಸಣ್ಣ ಪೆಟ್ಟಿಗೆಯನ್ನು ನಾವೇ ಉಕ್ಕಿನ ಬೀರುವಿನ ಹಿಂದೆ, ಕುಡಿಯುವ ನೀರಿನ ಡ್ರಮ್ಮಿನ ಪಕ್ಕದಲ್ಲಿ ಇಟ್ಟಿದ್ದೆವು. ಆ ಪೆಟ್ಟಿಗೆಯಿಂದ ಫೋನಿಗೆ ಬರುವುದು ರೇಡಿಯೋ ಅಲೆ. ಲೋಹವು ಅದನ್ನು ತಡೆದು ಹಿಂದಿರುಗಿಸುತ್ತದೆ, ನೀರು ಹೀರಿಕೊಳ್ಳುತ್ತದೆ. ಎಂಟನೆಯ ತರಗತಿಯ ಮಕ್ಕಳಿಗೆ ವಿಜ್ಞಾನವನ್ನು ಪಾಠ ಹೇಳುವವರು ನಾವು.

ಹಾಗಾದರೆ ಯಂತ್ರದ ಒಳಗನ್ನು ತಿಳಿಯದವರು ಬಾಯಿಯನ್ನೇ ತೆರೆಯಬಾರದೆ ಎಂದು ವಾಚಕರು ಕೇಳಬಹುದು. ಅದು ಅನ್ಯಾಯದ ಮಾತಾದೀತು. ಹಣ ತೆತ್ತವನಿಗೆ ದೂರುವ ಹಕ್ಕುಂಟು. ಹೊಟ್ಟೆನೋವೆನ್ನಲು ರೋಗಿಯು ವೈದ್ಯಶಾಸ್ತ್ರವನ್ನು ಓದಿರಬೇಕಿಲ್ಲ. ಆದರೆ 'ನನಗೆ ಹೊಟ್ಟೆ ನೋಯುತ್ತಿದೆ' ಎಂಬುದು ಒಂದು ಮಾತು, 'ಈ ವೈದ್ಯ ವಿಷ ಕೊಟ್ಟ' ಎಂಬುದು ಇನ್ನೊಂದು ಮಾತು. ಮೊದಲನೆಯದಕ್ಕೆ ಅನುಭವವೇ ಸಾಕ್ಷಿ. ಎರಡನೆಯದಕ್ಕೆ ಬೇರೆ ಸಾಕ್ಷಿ ಬೇಕು. ನಾವು ಅನುಭವದಿಂದ ಹೊರಟು ತೀರ್ಪಿಗೆ ಹಾರುವಾಗ ನಡುವಿನ ಹಳ್ಳವನ್ನು ನೋಡುವುದಿಲ್ಲ.

ಅಳತೆಯಿದ್ದಲ್ಲಿ ಈ ಹಳ್ಳವನ್ನು ದಾಟಲು ಸೇತುವೆಯಿರುತ್ತದೆ. 1934ರಲ್ಲಿ ಮುಗಿದ ಮೆಟ್ಟೂರು ಅಣೆಕಟ್ಟಿನ ಪೂರ್ಣಮಟ್ಟ 120 ಅಡಿ. ಈ ದಿನ ನೀರು ಎಷ್ಟು ಅಡಿಯಿದೆಯೆಂಬುದು ಇಲ್ಲಿಯ ರೈತರಿಗೆ ಬಾಯಿಪಾಠ. ಆದುದರಿಂದ ನೀರಿನ ವಿಷಯದಲ್ಲಿ ಜಗಳವಾದರೂ ಅಂಕಿಯ ವಿಷಯದಲ್ಲಿ ಜಗಳವಿಲ್ಲ. ಅಂತರ್ಜಾಲಕ್ಕೂ ಅಳತೆಯುಂಟು, ನಾವು ಓದುವುದಿಲ್ಲ ಅಷ್ಟೆ. ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು ಸೆಕೆಂಡಿಗೆ ಕನಿಷ್ಠ 256 ಕಿಲೋಬಿಟ್ ವೇಗವಿರಬೇಕೆಂದು 2004ರಲ್ಲಿ ನಮ್ಮ ದೇಶದಲ್ಲಿ ನಿಯಮವಾಯಿತು. 2023ರಲ್ಲಿ ಅದು 2 ಮೆಗಾಬಿಟ್ಟಿಗೆ ಏರಿತು. ಜಾಹೀರಾತಿನಲ್ಲಿ ವೇಗವನ್ನು ಹೇಳುವುದು ಬಿಟ್ಟುಗಳಲ್ಲಿ, ನಾವು ಇಳಿಸಿಕೊಳ್ಳುವ ಚಿತ್ರದ ಗಾತ್ರವನ್ನು ಹೇಳುವುದು ಬೈಟುಗಳಲ್ಲಿ. ಎಂಟು ಬಿಟ್ಟು ಸೇರಿದರೆ ಒಂದು ಬೈಟು. 40 ಮೆಗಾಬಿಟ್ಟಿನ ಸಂಪರ್ಕದಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 5 ಮೆಗಾಬೈಟು ಬರುತ್ತದೆ. 'ನಲವತ್ತು ಎಂದು ಹೇಳಿ ಐದು ಕೊಟ್ಟರು' ಎಂದು ಗೋಳಾಡುವವರಲ್ಲಿ ಅರ್ಧ ಜನಕ್ಕೆ ಈ ಭಾಗಾಕಾರ ಬಂದರೆ ಗೋಳು ತೀರೀತು. ಉಳಿದರ್ಧ ಜನರ ದೂರು ನಿಜವಾದುದಿರಬಹುದು. ಅವರ ದೂರಿಗೆ ಆಗ ಬಲವೂ ಬಂದೀತು.

ಅಳೆಯದ ಅಭಿಪ್ರಾಯವು ರಾಶಿ ಬಿದ್ದರೆ ಜ್ಞಾನವಾಗುತ್ತದೆಯೆ? 2015ರ ಕೊನೆಯಲ್ಲಿ ದೂರಸಂಪರ್ಕದ ನಿಯಂತ್ರಣ ಪ್ರಾಧಿಕಾರವು, ಅಂತರ್ಜಾಲದ ಕೆಲವು ಭಾಗಗಳಿಗೆ ಮಾತ್ರ ಬೇರೆ ದರವನ್ನು ವಿಧಿಸಬಹುದೇ ಎಂದು ಜನರನ್ನು ಕೇಳಿತು. ಫೇಸ್‌ಬುಕ್ ಸಂಸ್ಥೆಯು ಕೆಲವೇ ತಾಣಗಳನ್ನು ಬಡವರಿಗೆ ಪುಕ್ಕಟೆಯಾಗಿ ಕೊಡುವ ತನ್ನ ಯೋಜನೆಯನ್ನು ಬೆಂಬಲಿಸುವ ಪತ್ರವನ್ನು ತಾನೇ ಬರೆದು, ಗುಂಡಿಯೊತ್ತಿದರೆ ಹೋಗುವಂತೆ ಮಾಡಿತು. ಲಕ್ಷಗಟ್ಟಲೆ ಪತ್ರಗಳು ಹೋದವು. ಎದುರುಪಕ್ಷದವರೂ ಸಿದ್ಧಪತ್ರವನ್ನೇ ಹಂಚಿದರು. ಆದರೆ ಫೇಸ್‌ಬುಕ್ಕಿನ ಮೂಲಕ ಬಂದವು ತಾನು ಕೇಳಿದ ಪ್ರಶ್ನೆಗಳಿಗೆ ಉತ್ತರವೇ ಅಲ್ಲವೆಂದು ಪ್ರಾಧಿಕಾರವು ಹೇಳಿತು. 2016ರ ಫೆಬ್ರವರಿ 8ರಂದು ಅಂತಹ ಭೇದದರಗಳನ್ನು ನಿಷೇಧಿಸಿತು. ನಿಷೇಧವು ಸರಿಯೋ ತಪ್ಪೋ, ಅದು ಬೇರೆ ಚರ್ಚೆ. ಕೇಳಿದ ಪ್ರಶ್ನೆಯನ್ನು ಓದದೆ ಉತ್ತರಿಸಿದವನಿಗೆ ಪರೀಕ್ಷೆಯಲ್ಲಿ ನಾವು ಎಷ್ಟು ಅಂಕ ಕೊಡುತ್ತೇವೆ?

ನಮಗೆ ಇನ್ನೂ ಹತ್ತಿರದ ಒಂದು ಮಾತಿದೆ. 'ಕಂಪ್ಯೂಟರಿಗೆ ಕನ್ನಡ ಒಗ್ಗುವುದಿಲ್ಲ' ಎಂದು ನಮ್ಮವರೇ ಎಷ್ಟೋ ವರ್ಷ ಹೇಳಿಕೊಂಡು ಬಂದರು. ಒತ್ತಕ್ಷರಗಳು ಪರದೆಯ ಮೇಲೆ ಒಡೆದು ಕಾಣುತ್ತಿದ್ದುದೇ ಅದಕ್ಕೆ ಸಾಕ್ಷಿ. ಒಡೆಯುತ್ತಿದ್ದುದು ಕನ್ನಡವಲ್ಲ, ಒಳಗೆ ಸರಿಯಾಗಿ ಕುಳಿತ ಅಕ್ಷರಗಳನ್ನು ಕೂಡಿಸಿ ಬಿಡಿಸಲು ಬಾರದ ತಂತ್ರಾಂಶದ ಕೊರತೆ ಅದು. 1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಎಡೆ ದೊರೆತಿತ್ತು. ಕೆ. ಪಿ. ರಾವ್ ಅವರು ಕನ್ನಡದ ಉಚ್ಚಾರಕ್ಕೆ ಹೊಂದುವ ಕೀಲಿಮಣೆಯನ್ನು ರೂಪಿಸಿದರು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು. ಇವರು ಆ ಮಾತನ್ನು ನಂಬಿ ಕೈಕಟ್ಟಿ ಕುಳಿತಿದ್ದರೆ ಏನಾಗುತ್ತಿತ್ತು?

ಸೇಲಂ, ಧರ್ಮಪುರಿಗಳಲ್ಲಿ ಅದರ ಫಲವನ್ನು ಈಗಲೂ ಕಾಣಬಹುದು. ಮನೆಯಲ್ಲಿ ಕನ್ನಡವಾಡುವ ಮಕ್ಕಳು ಅಜ್ಜಿಯ ಮಾತನ್ನು ಫೋನಿನಲ್ಲಿ ತಮಿಳಕ್ಷರದಲ್ಲಿ ಬರೆಯುತ್ತಾರೆ. ತಮಿಳು ಲಿಪಿ ತಮಿಳಿಗೆ ಪೂರ್ಣವಾದುದು. ಆದರೆ ಅದರಲ್ಲಿ ಕಕಾರಕ್ಕೂ ಗಕಾರಕ್ಕೂ ಒಂದೇ ಅಕ್ಷರ. ಮೇಚೇರಿಯ ಗುಡಿಯಲ್ಲಿರುವ ಕಾಳಿಯೂ ಆಡಿ ತಿಂಗಳಲ್ಲಿ ಬೀಸುವ ಗಾಳಿಯೂ ಆ ಬರಹದಲ್ಲಿ ಒಂದೇ ಆಗಿಬಿಡುತ್ತವೆ. ಅದೇ ಫೋನಿನೊಳಗೆ ಕನ್ನಡದ ಕೀಲಿಮಣೆಯೂ ಇದೆ. ಇದೆಯೆಂದು ಅವರಿಗೆ ಯಾರೂ ತೋರಿಸಿಲ್ಲ. ಒಗ್ಗುವುದಿಲ್ಲವೆಂದು ದೊಡ್ಡವರು ಮೊದಲೇ ಹೇಳಿಬಿಟ್ಟಿದ್ದಾರಲ್ಲ!

2011ರಲ್ಲಿ ತಮಿಳುನಾಡು ಸರ್ಕಾರವು ಹೈಯರ್ ಸೆಕೆಂಡರಿ ಮಕ್ಕಳಿಗೆ ಲ್ಯಾಪ್‌ಟಾಪುಗಳನ್ನು ಕೊಡತೊಡಗಿದಾಗ ಅದನ್ನು ತಮಿಳಿನಲ್ಲಿ 'ವಿಲೈಯಿಲ್ಲಾ' ಎಂದು ಕರೆದರು, ಎಂದರೆ ಪುಕ್ಕಟೆಯದು. ಆ 'ವಿಲೈ' ನಮ್ಮ 'ಬೆಲೆ'ಯೇ. ಆದರೆ ಕನ್ನಡದಲ್ಲಿ ಬೆಲೆಯಿಲ್ಲದ್ದು ಎಂದರೆ ಕೆಲಸಕ್ಕೆ ಬಾರದ್ದು ಎಂದೂ ಆಗುತ್ತದೆ. ಪುಕ್ಕಟೆ ಬಂದುದು ಕೀಳು, ಹೆಚ್ಚು ಹಣ ಕೊಟ್ಟದ್ದು ಮೇಲು ಎಂಬ ನಮ್ಮ ಅಭಿಪ್ರಾಯವೂ ಇಂತಹ ಶಬ್ದದ ಜಾರುವಿಕೆಯಿಂದಲೇ ಹುಟ್ಟಿದುದೋ ಏನೋ.

ಆ ಹುಡುಗನ ಮಾತು ಉಳಿಯಿತು. ಬೀರುವನ್ನು ಸರಿಸಿದ ಕೆಲವು ದಿನಗಳಿಗೆ ಅವನು ಪಕ್ಕದ ಬೀದಿಯಲ್ಲಿ ಸಿಕ್ಕಿದ. ತಪ್ಪು ನಮ್ಮದೇ ಎಂದು ಹೇಳಿದೆವು. ಅವನು ನಮ್ಮ ಮನೆಮಾತಿನಲ್ಲೇ, 'ಇರಲಿ ಬಿಡಿ ಸಾರ್. ಕಂಪನಿ ಮೇಲೆ ಕೋಪ ಬಂದರೂ ನಕ್ಷತ್ರ ಕಡಿಮೆಯಾಗೋದು ನಮಗೇ. ಆ ತಿಂಗಳು ಕೈಗೆ ಸ್ವಲ್ಪ ಕಡಿಮೆ ಬಂತು, ಅಷ್ಟೇ' ಎಂದ. ಒತ್ತಿದ ನಕ್ಷತ್ರವನ್ನು ತಿದ್ದಲು ಸಾಧ್ಯವೆ ಎಂದು ಕೇಳಿದೆವು. ಸಾಧ್ಯವಿಲ್ಲವಂತೆ. ಬಿಟ್ಟುಹೋದ ಆ ಎರಡು ಮನೆಗಳಿಗೆ ಅಂದು ಸಂಜೆ ಹೋಗಿ ನಡೆದುದನ್ನು ಹೇಳಿದೆವು. ಒಬ್ಬರು ನಕ್ಕರು. ಇನ್ನೊಬ್ಬರು, 'ಆದರೂ ಆ ಕಂಪನಿ ಸರಿಯಿಲ್ಲ ಸಾರ್, ನೀವೇ ಹೇಳಿದ್ದಿರಲ್ಲ' ಎಂದರು.