ಕರಡಿಗೆಯೂ ಅದರೊಳಗಿನ ವಸ್ತುವೂ

ನಮ್ಮ ಮನೆಯ ಮಾಡದಲ್ಲಿ ಒಂದು ಹಳೆಯ ಸಾಗವಾನಿ ಪೆಟ್ಟಿಗೆಯುಂಟು. ಅದು ನನ್ನ ಅಜ್ಜನದು. ಮುಚ್ಚಳದ ಮೇಲೆ ಬಳ್ಳಿಯ ಕೆತ್ತನೆ. ಒಳಗೆ ಎಲೆ, ಅಡಿಕೆ, ಸುಣ್ಣ, ತಂಬಾಕುಗಳಿಗೆ ಬೇರೆ ಬೇರೆ ಮನೆಗಳು. ಅದನ್ನು ತಂದು ಅಜ್ಜನ ಮುಂದಿಡುವುದು ಬಾಲ್ಯದಲ್ಲಿ ನನ್ನ ಕೆಲಸವಾಗಿತ್ತು. ಅಜ್ಜನು ಬಾಯಿಯ ಅರ್ಬುದರೋಗದಿಂದ ತೀರಿಕೊಂಡನು. ಮೊನ್ನೆ ಮನೆಗೆ ಬಂದಿದ್ದ ಒಬ್ಬ ವಿದ್ಯಾರ್ಥಿಯು ಆ ಪೆಟ್ಟಿಗೆಯನ್ನು ನೋಡಿ, “ಗುರುಗಳ, ತಂಬಾಕ ಕೆಟ್ಟದ್ದಂತ ಸಾಲ್ಯಾಗ ಹೇಳತೀರಿ. ಮತ್ತ ಈ ಪೆಟಿಗಿ ಯಾಕ ಒರಸಿ ಇಟ್ಟೀರ್ರಿ?” ಎಂದು ಕೇಳಿದನು. ನನಗೆ ಒಡನೆ ಉತ್ತರ ತೋಚಲಿಲ್ಲ.

ಪ್ರಶ್ನೆಯು ಚಿಕ್ಕದಲ್ಲ. ಕೆಟ್ಟ ವಸ್ತುವನ್ನು ತುಂಬಿಕೊಂಡ ಚೆಲುವಾದ ಪಾತ್ರೆಯು ಆ ಕೇಡಿನಲ್ಲಿ ಪಾಲುದಾರನೇ?

ಇದಕ್ಕೆ ನಮ್ಮ ನೆರೆಯ ವಿಜಾಪುರದಲ್ಲಿಯೇ ಒಂದು ದೃಷ್ಟಾಂತವಿದೆ. ಪೋರ್ತುಗೀಜರ ಹಡಗುಗಳ ಮೂಲಕ ತಂಬಾಕು ದಕ್ಷಿಣಕ್ಕೆ ಬಂದಿದ್ದ ಕಾಲವದು. ಎರಡನೆಯ ಇಬ್ರಾಹಿಂ ಆದಿಲಶಹನ ದರ್ಬಾರಿಗೆ ಬಂದಿದ್ದ ಅಕ್ಬರನ ಅಧಿಕಾರಿ ಅಸದ್ ಬೇಗನು ಅದನ್ನು ಮೊದಲ ಬಾರಿ ಇಲ್ಲಿ ಕಂಡನು. ಆದಿಲಶಹನು ಅವನಿಗೆ ಬಹು ನಾಜೂಕಾದ ಎಲೆ-ಅಡಿಕೆಯ ಚಂಚಿಯೊಂದನ್ನು ಕೊಟ್ಟಿದ್ದನು. ಅಸದ್ ಬೇಗನು ಅದರಲ್ಲಿ ಒಳ್ಳೆಯ ತಂಬಾಕು ತುಂಬಿ, ರತ್ನಖಚಿತವಾದ ಧೂಮನಳಿಕೆಯೊಡನೆ ಬೆಳ್ಳಿಯ ತಟ್ಟೆಯಲ್ಲಿ ಜೋಡಿಸಿ ಅಕ್ಬರನ ಮುಂದಿಟ್ಟನು. ಇದು 1605ರಲ್ಲಿ ಅಕ್ಬರನು ತೀರಿಕೊಳ್ಳುವುದಕ್ಕೆ ತುಸು ಮುಂಚಿನ ಮಾತು. ಬಾದಶಹನು ಎರಡು ಮೂರು ಸಲ ಹೊಗೆಯೆಳೆದನು. ರಾಜವೈದ್ಯನು, ಪರೀಕ್ಷಿಸದ ವಸ್ತು ಬೇಡವೆಂದು ತಡೆದನು. ಎಲ್ಲ ರೂಢಿಗಳೂ ಒಮ್ಮೆ ಹೊಸವೇ ಆಗಿದ್ದವೆಂದು ಅಸದ್ ಬೇಗನು ವಾದಿಸಿದನು. ಅಕ್ಬರನು ಆ ಚಟವನ್ನು ಹಿಡಿಯಲಿಲ್ಲ. ಆದರೆ ಸರದಾರರು ಹಿಡಿದರು, ವರ್ತಕರು ಮಾರತೊಡಗಿದರು. 1617ರಲ್ಲಿ ಜಹಾಂಗೀರನು ನಿಷೇಧಿಸಿದರೂ ಅದು ನಿಲ್ಲಲಿಲ್ಲ.

ಪಶ್ಚಿಮ ದೇಶಗಳ ಶ್ರೀಮಂತರು ಚಿರೂಟುಗಳಿಗಾಗಿ ಮಾಡಿಸಿದ ಮರದ ಪೆಟ್ಟಿಗೆಗಳ ಕಥೆಯೂ ಇಂಥದೇ. ಚಿರೂಟು ಒಣಗಿದರೆ ಪುಡಿಯಾಗುವುದು, ತೇವ ಹೆಚ್ಚಾದರೆ ಬೂಸು ಹಿಡಿಯುವುದು. ಆದುದರಿಂದ ಒಳಗಿನ ತೇವವನ್ನು ಶೇಕಡಾ 70ರ ಸುಮಾರಿಗೆ ಕಾಯುವಂತೆ ಪೆಟ್ಟಿಗೆಯ ಒಳಮೈಗೆ ಸ್ಪ್ಯಾನಿಶ್ ಸೀಡರ್ ಎಂಬ ಸುವಾಸನೆಯ ಮರದ ಹಲಗೆ ಹಚ್ಚುವರು. ಹೆಸರು ಸೀಡರ್ ಆದರೂ ಅದು ನಮ್ಮ ಬೇವಿನ ಕುಟುಂಬದ ಮರ. ಅಮೇರಿಕೆಯ ಅಧ್ಯಕ್ಷ ಕೆನಡಿಗೆ 1961ರಲ್ಲಿ ಕಾಣಿಕೆಯಾಗಿ ಬಂದಿದ್ದ ಅಂಥ ಪೆಟ್ಟಿಗೆಯೊಂದು 1996ರ ಲಿಲಾವಿನಲ್ಲಿ 5,74,500 ಡಾಲರಿಗೆ ಹೋಯಿತು. ಕೊಂಡವನು ತೆತ್ತ ಬೆಲೆ ಮರಕ್ಕಲ್ಲ, ಅದನ್ನು ಮುಟ್ಟಿದ ಕೈಗೆ.

ಹಾಗಾದರೆ ಪಾತ್ರೆಯು ನಿರ್ದೋಷಿಯೇ? ನಮ್ಮ ಕಡೆಯಲ್ಲಿ ಇಷ್ಟಲಿಂಗವನ್ನಿಡುವ ಕರಡಿಗೆಯನ್ನು ಕಣ್ಣಿಗೊತ್ತಿಕೊಳ್ಳುವರು. ಆ ಮರ್ಯಾದೆ ಬೆಳ್ಳಿಯದಲ್ಲ, ಒಳಗಿನದು. ಒಳಗಿನದರಿಂದ ಗೌರವ ಪಡೆಯುವ ಪಾತ್ರೆಯು ಒಳಗಿನದರಿಂದ ಬರುವ ನಿಂದೆಯಿಂದ ತಪ್ಪಿಸಿಕೊಳ್ಳುವುದು ನ್ಯಾಯವಲ್ಲ. ಬೆಳ್ಳಿಯ ತಟ್ಟೆಯೂ ರತ್ನದ ನಳಿಕೆಯೂ ಇಲ್ಲದೆ ಒಂದು ಹಿಡಿ ಒಣ ಎಲೆಯನ್ನು ತಂದಿಟ್ಟಿದ್ದರೆ ಬಾದಶಹನು ಅದರತ್ತ ಕಣ್ಣೆತ್ತಿ ನೋಡುತ್ತಿದ್ದನೇ? ಚೆಲುವು ಅಲ್ಲಿ ಕೇಡಿಗೆ ದಾರಿ ಮಾಡಿತು. ನನ್ನ ಅಜ್ಜನ ಪೆಟ್ಟಿಗೆಯೂ ತಂಬಾಕಿಗೆ ಮನೆಯಲ್ಲಿ ಒಂದು ಮಾನದ ಸ್ಥಾನ ಕೊಟ್ಟಿತ್ತು. ಆ ಮಾನವನ್ನು ಹೊತ್ತು ತಂದವನು ನಾನೇ.

ಆದರೆ ಇನ್ನೊಂದು ಮಾತೂ ಇದೆ. ಆದಿಲಶಹನ ಚಂಚಿಯನ್ನು ಹೊಲಿದವನು ಎಲೆ-ಅಡಿಕೆಗಾಗಿ ಹೊಲಿದನು. ತಂಬಾಕು ತುಂಬಿದವನು ಬೇರೊಬ್ಬನು. ಲಿಂಗಕ್ಕೂ ತಂಬಾಕಿಗೂ ಮನೆಯಾಗಬಲ್ಲದ್ದು ಅದೇ ಬಡಿಗನ, ಅದೇ ಅಕ್ಕಸಾಲಿಗನ ಕೌಶಲ. ಕೌಶಲವನ್ನು ಸುಟ್ಟರೆ ಚಟ ಸಾಯುವುದಿಲ್ಲ. ತಗಡಿನ ಡಬ್ಬಿಯಲ್ಲಾಗಲಿ ಕಾಗದದ ಪುಡಿಕೆಯಲ್ಲಾಗಲಿ ಅದು ಬದುಕುವುದು. ನಾವು ತ್ಯಜಿಸಬೇಕಾದುದು ತುಂಬುವ ರೂಢಿಯನ್ನು. ಕಾಯಬೇಕಾದುದು ಕೈಯ ಕಸುಬನ್ನು. ಹಾಗೆ ಕಾಯುವಾಗ ಕೇಡನ್ನು ಮುಚ್ಚಿಡಲಾಗದು. ಪಾತ್ರೆಯ ಚೆಲುವನ್ನು ಹೊಗಳಿ ಒಳಗಿನದನ್ನು ಹೇಳದೆ ಬಿಡುವವನು ಅಸದ್ ಬೇಗನ ತಟ್ಟೆಯನ್ನೇ ಮತ್ತೆ ಹಿಡಿದಂತಾಗುವುದು.

ಗುರುಬಂಧುಗಳೇ, ಶಾಲೆಯ ನೂರು ಗಜದೊಳಗೆ ತಂಬಾಕು ಮಾರಬಾರದೆಂದು 2003ರ ಕಾಯಿದೆ ಹೇಳುತ್ತದೆ. ಕಾಯಿದೆಯು ಅಂಗಡಿಯನ್ನು ದೂರವಿಡಬಲ್ಲದು, ಮನೆಯ ಮಾಡವನ್ನಲ್ಲ. ಆದುದರಿಂದ ನಾನು ಪೆಟ್ಟಿಗೆಯನ್ನು ಶಾಲೆಗೊಯ್ದೆನು. ಮೂರು ಮನೆಗಳಲ್ಲಿ ಈಗ ಖಡುವಿನ ತುಂಡುಗಳಿವೆ. ತಂಬಾಕಿನ ಮನೆ ಬರಿದಾಗಿಯೇ ಇದೆ. ಅದರ ಕಲೆ ತೊಳೆದರೂ ಹೋಗಿಲ್ಲ. ಏಕೆ ಬರಿದೆಂದು ಮಕ್ಕಳು ಕೇಳುತ್ತಾರೆ. ಕೇಳಿದಾಗಲೆಲ್ಲ ಅಜ್ಜನ ಕಥೆಯನ್ನು ಹೇಳುತ್ತೇನೆ.